ಹಳೆಯ ಗಾಡಿಗೆ ರಬ್ಬರು ಗಾಲಿ

ಟ್ರ್ಯಾಕ್ಟರುಗಳು ಬಂದ ಮೇಲೆ ನಮ್ಮ ಗ್ರಾಮಗಳಲ್ಲಿ ಎತ್ತಿನ ಗಾಡಿಗಳು ಕಡಿಮೆಯಾಗಿರುವುದು ನಿಜ. ಆದರೂ ಎರಡು ಮೂರು ಎಕರೆ ಹಿಡುವಳಿಯುಳ್ಳ ರೈತನಿಗೆ ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಹೊಡೆಯುವುದಕ್ಕೂ, ಹುಲ್ಲನ್ನು ಮನೆಗೆ ತರುವುದಕ್ಕೂ, ಕಬ್ಬನ್ನು ಆಲೆಮನೆಗೆ ಸಾಗಿಸುವುದಕ್ಕೂ ಮನೆಯ ಗಾಡಿಯಷ್ಟು ಅನುಕೂಲವಾದ ವಾಹನವು ಬೇರೊಂದಿಲ್ಲ. ಇಂತಹ ಗಾಡಿಯ ಗಾಲಿಯು ಕೆಟ್ಟಾಗ ರೈತನ ಮುಂದೆ ಎರಡು ದಾರಿಗಳಿರುತ್ತವೆ. ಬಡಗಿಯನ್ನೂ ಕಮ್ಮಾರನನ್ನೂ ಕರೆಯಿಸಿ ಹಳೆಯ ಗಾಲಿಯನ್ನೇ ಜೀರ್ಣೋದ್ಧಾರ ಮಾಡಿಸುವುದು ಒಂದು. ಮರದ ಗಾಲಿಗಳನ್ನು ತೆಗೆದುಹಾಕಿ ಅದೇ ಗಾಡಿಗೆ ಉಕ್ಕಿನ ಅಚ್ಚನ್ನೂ ರಬ್ಬರು ಗಾಲಿಗಳನ್ನೂ ಹಾಕಿಸುವುದು ಇನ್ನೊಂದು. ಈಗ ಹೆಚ್ಚಿನವರು ಎರಡನೆಯ ದಾರಿಯನ್ನೇ ಹಿಡಿಯುತ್ತಿರುವರು. ಹಿಡಿಯುವುದು ಸರಿಯೇ. ಆದರೆ ಆ ಕೆಲಸವನ್ನು ಅರ್ಧಕ್ಕೆ ನಿಲ್ಲಿಸುವವರೇ ಹೆಚ್ಚು. ಉಳಿದ ಅರ್ಧದ ಭಾರವು ಎತ್ತುಗಳ ಕೊರಳಿಗೆ ಬೀಳುತ್ತದೆ.

ಮೊದಲು ಹಳೆಯ ಗಾಲಿಯ ವಿಚಾರ. ಕರಿಜಾಲಿಯ ಮರದಿಂದ ಮಾಡಿದ ಗುಂಬ, ಅದರಿಂದ ಹೊರಟ ಅರೆಗಳು, ಅರೆಗಳನ್ನು ಹಿಡಿದಿರುವ ಮರದ ಬಟ್ಟುಗಳು, ಇವೆಲ್ಲವನ್ನೂ ಸುತ್ತಿ ಬಿಗಿದ ಕಬ್ಬಿಣದ ಹಳಿ, ಇಷ್ಟೇ ಅದರ ಅಂಗಗಳು. ಇವುಗಳನ್ನು ಒಂದಾಗಿ ಹಿಡಿದಿರುವುದು ಹಳಿಯ ಬಿಗುವೇ ಹೊರತು ಮೊಳೆಯಲ್ಲ. ಕಮ್ಮಾರನು ಗಾಲಿಯ ಸುತ್ತಳತೆಗಿಂತ ಸ್ವಲ್ಪ ಚಿಕ್ಕದಾಗಿ ಹಳಿಯನ್ನು ಬೆಸೆದು, ಬೆರಣಿಯ ಬೆಂಕಿಯಲ್ಲಿ ಕೆಂಪೇರುವಂತೆ ಕಾಯಿಸಿ, ಗಾಲಿಗೆ ತೊಡಿಸಿ, ಕೂಡಲೇ ನೀರು ಹೊಯ್ಯುವನು. ಸುಮಾರು 5 ಅಡಿ ಅಡ್ಡಳತೆಯ ಗಾಲಿಯ ಸುತ್ತಳತೆಯು 15 ಅಡಿಗೂ ಮಿಕ್ಕಿರುವುದು. ಅಷ್ಟು ಉದ್ದದ ಕಬ್ಬಿಣವು ಕೆಂಪಗೆ ಕಾದಾಗ ಒಂದು ಅಂಗುಲಕ್ಕೂ ಹೆಚ್ಚಾಗಿ ಹಿಗ್ಗುತ್ತದೆ. ತಣಿದಾಗ ಆ ಅಂಗುಲವು ಮರಳಿ ಕುಗ್ಗಿ ಅರೆಗಳನ್ನು ಗುಂಬದೊಳಕ್ಕೆ ಒತ್ತುತ್ತದೆ. ಈ ಕೆಲಸವನ್ನು ಕಣ್ಣಳತೆಯಲ್ಲಿಯೇ ತಪ್ಪಿಲ್ಲದೆ ಮಾಡಬಲ್ಲ ಕಮ್ಮಾರರು ಹಿಂದೆ ಹೋಬಳಿಗೆ ಹಲವರಿದ್ದರು. ಈಗ ಅಂತಹವರನ್ನು ಹುಡುಕಿಕೊಂಡು ಹೋಗಬೇಕಾಗಿದೆ. ರೈತರು ರಬ್ಬರು ಗಾಲಿಯ ಕಡೆಗೆ ತಿರುಗುವುದಕ್ಕೆ ಅದರ ಗುಣದಷ್ಟೇ ಈ ಕೊರತೆಯೂ ಕಾರಣವೆಂದು ಹೇಳಬಹುದು.

ಬೇಸಿಗೆಯಲ್ಲಿ ಮರವು ಒಣಗಿ ಕುಗ್ಗುವುದರಿಂದ ಹಳಿಯು ಸಡಿಲವಾಗುತ್ತದೆ. ಆಗ ಗಾಲಿಯನ್ನು ಕೆರೆಯಲ್ಲಿಯೋ ನಾಲೆಯಲ್ಲಿಯೋ ಒಂದು ರಾತ್ರಿ ನೆನೆಹಾಕಿ ಮರುದಿನ ಗಾಡಿ ಹೂಡುವುದು ವಾಡಿಕೆ. ಇದು ಆ ಹೊತ್ತಿಗೆ ಸಾಕಾಗುವ ಉಪಾಯವೇ ಹೊರತು ದುರಸ್ತಿಯಲ್ಲ. ನೆನೆದ ಮರವು ಒಣಗಿದಾಗ ಮೊದಲಿಗಿಂತಲೂ ಹೆಚ್ಚು ಸಡಿಲವಾಗುವುದು. ಹಳಿಯನ್ನು ಬಿಚ್ಚಿ, ಒಂದು ತುಂಡನ್ನು ಕತ್ತರಿಸಿ, ಮತ್ತೆ ಬೆಸೆದು ತೊಡಿಸುವುದೇ ಸರಿಯಾದ ಕ್ರಮ. ಇದರಂತೆಯೇ ಅಚ್ಚಿನ ತುದಿಯೂ ಗುಂಬದೊಳಗಿನ ಕಬ್ಬಿಣದ ಬಳೆಯೂ ಒಂದನ್ನೊಂದು ಉಜ್ಜಿ ಸವೆಯುತ್ತವೆ. ಭಾರವು ಅಚ್ಚಿನ ಕೆಳಮೈಗೆ ಬೀಳುವುದರಿಂದ ಸವೆತವೂ ಅಲ್ಲಿಯೇ ಹೆಚ್ಚು. ಅಚ್ಚಿನ ಸವೆತವನ್ನು ನೋಡದೆ ಬಳೆಯನ್ನು ಮಾತ್ರ ಬದಲಾಯಿಸಿದವರು ಆರು ತಿಂಗಳೊಳಗೆ ಮತ್ತೆ ಕುಲುಮೆಯ ಬಾಗಿಲಿಗೆ ಬರುವುದುಂಟು. ಹುಲ್ಲುಕರಿಯನ್ನು ಹರಳೆಣ್ಣೆಯಲ್ಲಿ ಕಲಸಿದ ಕೀಲೆಣ್ಣೆಯು ಈ ಗಾಲಿಗೆ ಚೆನ್ನಾಗಿಯೇ ಒಗ್ಗುತ್ತದೆ. ಆದರೆ ಹಳೆಯ ಮಣ್ಣೆಣ್ಣೆಯ ಜಿಡ್ಡನ್ನು ಒರಸದೆ ಅದರ ಮೇಲೆಯೇ ಬಳಿಯುತ್ತ ಹೋದರೆ ಅದು ಸಾಣೆಯ ಹುಡಿಯಂತೆ ಕಬ್ಬಿಣವನ್ನು ತಿನ್ನುವುದು.

ಇನ್ನು ರಬ್ಬರು ಗಾಲಿ. ಗಾಳಿ ತುಂಬಿದ ಟೈರನ್ನು 1888ರಲ್ಲಿ ಬಳಕೆಗೆ ತಂದ ಜಾನ್ ಬಾಯ್ಡ್ ಡನ್ಲಪ್ ಎಂಬವರು ವೃತ್ತಿಯಲ್ಲಿ ಪಶುವೈದ್ಯರಾಗಿದ್ದರು. ತಮ್ಮ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನು ಮಾಡಿದರು. ದನಗಳ ವೈದ್ಯರೊಬ್ಬರ ಕೈಯಿಂದ ಹೊರಟ ಈ ವಸ್ತುವು ದನಗಳ ಕಷ್ಟವನ್ನೂ ಕಡಿಮೆ ಮಾಡಿತೆಂಬುದು ಸಂತೋಷದ ಸಂಗತಿ. ನಮ್ಮ ಜನರು ರಬ್ಬರು ಗಾಲಿಯ ಗಾಡಿಯನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುವುದುಂಟು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲನೆಯ ನಿರ್ದೇಶಕರಾಗಿದ್ದ ಪ್ರೊಫೆಸರ್ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಎತ್ತಿನ ಗಾಡಿಯ ಸುಧಾರಣೆಯನ್ನು ದೇಶದ ಒಂದು ಮುಖ್ಯ ಕಾರ್ಯವೆಂದು ಎತ್ತಿ ಹಿಡಿದು, ಗಾಡಿಯ ಭಾರವನ್ನೂ ಎತ್ತುಗಳ ನೋವನ್ನೂ ತಗ್ಗಿಸಬೇಕೆಂದು ಬಹುಕಾಲ ದುಡಿದರು.

ರಬ್ಬರು ಗಾಲಿಯಿಂದ ಆಗುವ ಲಾಭವೆಷ್ಟೆಂಬುದನ್ನು ಸ್ಥೂಲವಾಗಿ ಲೆಕ್ಕ ಹಾಕಬಹುದು. ಒಳ್ಳೆಯ ಹಳ್ಳಿಕಾರ್ ಜೋಡಿಯ ಒಟ್ಟು ತೂಕವನ್ನು 700 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಅವು ದಿನವಿಡೀ ದಣಿಯದೆ ಎಳೆಯಬಹುದಾದ ಬಲವು ಅದರ ಹತ್ತರಲ್ಲೊಂದು ಪಾಲು, ಎಂದರೆ ಸುಮಾರು 70 ಕಿಲೋಗ್ರಾಂ. ಈಗ ಗಾಡಿ 300, ಹೇರು 1200, ಒಟ್ಟು 1500 ಕಿಲೋಗ್ರಾಂ ಎನ್ನೋಣ. ಗಟ್ಟಿಯಾದ ಮಣ್ಣುದಾರಿಯಲ್ಲಿ ಕಬ್ಬಿಣದ ಹಳಿಯ ಗಾಡಿಗೆ ನೂರಕ್ಕೆ ಸುಮಾರು 7ರಂತೆ 105 ಕಿಲೋಗ್ರಾಂ ಎಳೆತ ಬೇಕು. ರಬ್ಬರು ಗಾಲಿಗೆ ನೂರಕ್ಕೆ 4ರಂತೆ 60 ಸಾಕು. ಮೊದಲನೆಯದು ಎತ್ತುಗಳ ಶಕ್ತಿಯನ್ನು ಮೀರಿದುದು, ಎರಡನೆಯದು ಶಕ್ತಿಯೊಳಗಿನದು. ಕೆಸರಿನಲ್ಲಿಯೂ ಮರಳಿನಲ್ಲಿಯೂ ಲೆಕ್ಕವು ಬೇರೆಯಾಗುತ್ತದೆ. ಎರೆಭೂಮಿಯ ಮಳೆಗಾಲದ ದಾರಿಗಳಲ್ಲಿಯೂ, ಬದು ಕಾಲುವೆಗಳನ್ನು ದಾಟಬೇಕಾದ ಕಡೆಗಳಲ್ಲಿಯೂ ಎತ್ತರವಾದ ಹಳೆಯ ಗಾಲಿಯೇ ಲೇಸೆಂದು ಹೇಳುವ ರೈತರ ಮಾತನ್ನು ತಳ್ಳಿಹಾಕುವಂತಿಲ್ಲ. ದೊಡ್ಡ ಗಾಲಿಯು ಹಳ್ಳವನ್ನು ಸುಲಭವಾಗಿ ಹತ್ತಿಳಿಯುವುದು.

ಇಷ್ಟರಿಂದ ಲೆಕ್ಕವು ಮುಗಿಯಲಿಲ್ಲ. ಅದೇ ಗಾಡಿಯು ಇಳಿಜಾರಿಗೆ ಬಂದಾಗ ಏನಾಗುವುದೆಂಬುದನ್ನು ನೋಡಬೇಕು. ಹತ್ತು ಅಡಿಗೆ ಒಂದು ಅಡಿ ಇಳಿಯುವ ದಾರಿಯಲ್ಲಿ 1500 ಕಿಲೋಗ್ರಾಂ ಭಾರದ ಗಾಡಿಯು ತನ್ನಷ್ಟಕ್ಕೆ ತಾನೇ ಸುಮಾರು 150 ಕಿಲೋಗ್ರಾಂ ಬಲದಿಂದ ಮುಂದಕ್ಕೆ ನೂಕುತ್ತದೆ. ಹಳಿಯ ಗಾಡಿಯಲ್ಲಿ ಗಾಲಿಯ ತಿಕ್ಕಾಟವೇ ಅದರಲ್ಲಿ 105ನ್ನು ನುಂಗಿಬಿಡುವುದರಿಂದ ಎತ್ತುಗಳು ತಡೆಯಬೇಕಾದುದು 45 ಮಾತ್ರ. ರಬ್ಬರು ಗಾಲಿಯಲ್ಲಿ ತಿಕ್ಕಾಟವು 60 ಮಾತ್ರವಾದುದರಿಂದ ಉಳಿದ 90 ಕಿಲೋಗ್ರಾಂ ನೂಕು ಎತ್ತುಗಳ ಮೇಲೆ ಬರುತ್ತದೆ. ಟಾರು ರಸ್ತೆಯಾದರೆ 100ಕ್ಕೂ ಮೀರುವುದು. ಏರಿನಲ್ಲಿ ಎತ್ತುಗಳನ್ನು ಬಳಲಿಸುತ್ತಿದ್ದ ಹಳೆಯ ಗಾಲಿಯ ಒರಟುತನವೇ ಇಳಿಜಾರಿನಲ್ಲಿ ಅವುಗಳನ್ನು ಕಾಯುತ್ತಿತ್ತು. ಆ ಒರಟುತನವನ್ನು ತೆಗೆದುಹಾಕಿದವರು ಅದರ ಸ್ಥಾನದಲ್ಲಿ ಬ್ರೇಕನ್ನು ಇಡಲಿಲ್ಲ. ಇದರ ಮೇಲೆ, ಗಾಡಿಯು ಹಗುರವಾಗಿ ಉರುಳುವುದನ್ನು ಕಂಡ ಮಾಲೀಕನು ಹೇರನ್ನು ಎರಡು ಟನ್ನಿಗೆ ಏರಿಸುವನು. ಆಗ ಅದೇ ಇಳಿಜಾರಿನಲ್ಲಿ, ಮಣ್ಣುದಾರಿಯಲ್ಲಿಯೇ ನೂಕು ಸುಮಾರು 140 ಕಿಲೋಗ್ರಾಂ ಆಗುವುದು.

ನಮ್ಮ ನೊಗವು ಎಳೆಯುವುದಕ್ಕಾಗಿ ಮಾಡಿದುದು, ತಡೆಯುವುದಕ್ಕಾಗಿ ಅಲ್ಲ. ಎಳೆಯುವಾಗ ಅದು ಹಿಣಿಲಿಗೆ ಆತುಕೊಂಡಿರುತ್ತದೆ. ಗಾಡಿಯು ಹಿಂದಿನಿಂದ ನೂಕಿದಾಗ ನೊಗವು ಹಿಣಿಲನ್ನು ಬಿಟ್ಟು ಮುಂದಕ್ಕೆ ಜಾರಿ ಕೊಂಬಿನ ಬುಡಕ್ಕೆ ಬಡಿಯುತ್ತದೆ. ಎತ್ತುಗಳು ತಲೆಯನ್ನು ಮೇಲಕ್ಕೆತ್ತಿ, ಮುಂಗಾಲುಗಳನ್ನು ಊರಿ, ಹಿಂದಕ್ಕೆ ಒರಗಿ ನಿಲ್ಲಲು ಯತ್ನಿಸುತ್ತವೆ. ಲಾಳವು ಟಾರಿನ ಮೇಲೆ ಜಾರುತ್ತದೆ. ಕಬ್ಬಿನ ಕಾಲದಲ್ಲಿ ನಾಲೆಯ ಏರಿಯಿಂದ ಇಳಿಯುವ ಗಾಡಿಗಳ ಮುಂದೆ ಒಬ್ಬನು ಮೂಕಿಯನ್ನು ಎದೆಯಿಂದ ಒತ್ತಿ ಹಿಡಿದು ಹಿಮ್ಮುಖವಾಗಿ ಹೆಜ್ಜೆಯಿಡುತ್ತ ಬರುವ ದೃಶ್ಯವನ್ನು ನೋಡದವರು ವಿರಳ. ಎರಡು ಎತ್ತುಗಳು ತಡೆಯಲಾರದ ಭಾರವನ್ನು ಒಬ್ಬ ಮನುಷ್ಯನು ತಡೆಯುವನೆಂದು ನಂಬುವುದು ಹೇಗೆ? ಕಾಲು ಜಾರಿದರೆ ಅವನು ಬೀಳುವುದು ಎತ್ತುಗಳ ಗೊರಸುಗಳ ಕೆಳಗೆ, ಆಮೇಲೆ ಗಾಲಿಯ ಕೆಳಗೆ. ಗಾಡಿಗೆ ಟೈರು ಕೊಳ್ಳಲು ಹಣವಿದ್ದ ಮನೆಯಲ್ಲಿ ಬ್ರೇಕಿಗೆ ಹಣವಿಲ್ಲವೆಂಬ ಮಾತನ್ನು ಒಪ್ಪಲಾಗದು.

ಬ್ರೇಕು ದುಬಾರಿಯಾದ ವಸ್ತುವಲ್ಲ. ಹಳೆಯ ಕಾರು ಅಥವಾ ಜೀಪಿನ ಅಚ್ಚನ್ನು ಗುಜರಿಯಿಂದ ಕೊಂಡು ಗಾಡಿಗೆ ಹಾಕಿಸುವ ರೈತರು ಅನೇಕರಿರುವರಷ್ಟೆ. ಅಂತಹ ಅಚ್ಚಿನ ತುದಿಗಳಲ್ಲಿ ಬ್ರೇಕಿನ ಡ್ರಮ್ಮು ಮೊದಲಿನಿಂದಲೇ ಇರುತ್ತದೆ. ಕಾರ್ಖಾನೆಯವನು ಅದರೊಳಗಿನ ಬ್ರೇಕ್ ಶೂಗಳನ್ನು ಬೇಡದ ವಸ್ತುಗಳೆಂದು ಕಿತ್ತು ಬಿಸಾಡುವನು. ಹಾಗೆ ಕೀಳಲು ಬಿಡಬಾರದು. ಎಣ್ಣೆಯ ಒತ್ತಡದಿಂದ ನಡೆಯುವ ಕಾರಿನ ಏರ್ಪಾಡು ಗಾಡಿಗೆ ಒಗ್ಗದು. ವರ್ಷದಲ್ಲಿ ಆರು ತಿಂಗಳು ನಿಂತೇ ಇರುವ ಗಾಡಿಯಲ್ಲಿ ಅದರ ರಬ್ಬರುಗಳು ಕೆಟ್ಟು ಎಣ್ಣೆಯು ಸೋರಿಹೋಗುವುದು. ಅದರ ಬದಲಾಗಿ ಕೈಬ್ರೇಕಿನಂತೆ ಉಕ್ಕಿನ ಹಗ್ಗದಿಂದ ಎಳೆಯುವ ಏರ್ಪಾಡನ್ನು ಮಾಡಿಸತಕ್ಕದ್ದು. ಎರಡು ಗಾಲಿಗಳ ಹಗ್ಗಗಳನ್ನೂ ಒಂದು ಅಡ್ಡಪಟ್ಟಿಯ ಎರಡು ತುದಿಗಳಿಗೆ ಕಟ್ಟಿ, ಪಟ್ಟಿಯ ನಡುವಿನಿಂದ ಇನ್ನೊಂದು ಹಗ್ಗವನ್ನು ಗಾಡಿ ಹೊಡೆಯುವವನ ಕೈಗೆ ಸಿಕ್ಕುವ ಸನ್ನೆಗೋಲಿಗೆ ತರಬೇಕು. ಅಡ್ಡಪಟ್ಟಿಯು ತೂಗುವಂತೆ ಸಡಿಲವಾಗಿದ್ದರೆ ಎರಡು ಗಾಲಿಗಳಿಗೂ ಸಮನಾದ ಎಳೆತ ಬೀಳುವುದು. ಹಾಗಿಲ್ಲದೆ ಒಂದು ಗಾಲಿಯು ಮಾತ್ರ ಹಿಡಿದರೆ ಗಾಡಿಯು ಆ ಕಡೆಗೆ ತಿರುಗಿ, ಮೂಕಿಯು ಆ ಕಡೆಯ ಎತ್ತನ್ನು ರಸ್ತೆಯ ಹೊರಕ್ಕೆ ನೂಕುವುದು. ಸನ್ನೆಗೋಲಿಗೆ ಹಲ್ಲುಪಟ್ಟಿಯಿದ್ದರೆ ಇಳಿಜಾರಿನುದ್ದಕ್ಕೂ ಕೈಯಲ್ಲಿ ಹಿಡಿದಿರಬೇಕಾದ ತೊಂದರೆಯಿಲ್ಲ.

ಡ್ರಮ್ಮಿಲ್ಲದ ಅಚ್ಚುಗಳಿಗೆ ಗಾಲಿಗಳ ಹಿಂದುಗಡೆ ಒಂದು ಅಡ್ಡಮರವನ್ನು ತೂಗುಹಾಕಿ, ಅದರ ತುದಿಗಳಲ್ಲಿ ಮರದ ದಿಮ್ಮಿಗಳನ್ನು ಕೂಡಿಸಿ ಟೈರಿಗೆ ಒತ್ತುವಂತೆ ಮಾಡುವ ಹಳೆಯ ಪದ್ಧತಿಯನ್ನೇ ಅನುಸರಿಸಬಹುದು. ಇದು ಮಳೆಯಲ್ಲಿ ಜಾರುವುದು, ಟೈರನ್ನೂ ಸ್ವಲ್ಪ ಸವೆಸುವುದು. ಆದರೂ ಏನೂ ಇಲ್ಲದುದಕ್ಕಿಂತ ನೂರು ಪಾಲು ಮೇಲು. ಗಾಲಿಯನ್ನು ಸರಪಣಿಯಿಂದ ಕಟ್ಟಿ ಉರುಳದಂತೆ ಮಾಡಿ ಇಳಿಸುವುದು ಹಳಿಯ ಗಾಡಿಗೆ ಸರಿಹೋಗುತ್ತಿತ್ತು. ರಬ್ಬರಿಗೆ ಅದು ಸಲ್ಲದು, ಒಂದೇ ಕಡೆ ತೇದು ಟೈರು ಹಾಳಾಗುವುದು. ಬ್ರೇಕನ್ನು ಹಾಕಿಸಿದ ಮೇಲೆ ಅದನ್ನು ಪರೀಕ್ಷಿಸದೆ ಗಾಡಿಯನ್ನು ಮನೆಗೆ ತರಬಾರದು. ಸಮನೆಲದಲ್ಲಿ ಬರಿಯ ಗಾಡಿಗೆ ಎತ್ತು ಹೂಡಿ, ಬ್ರೇಕನ್ನು ಪೂರ್ತಿ ಹಿಡಿದು ನಾಲ್ಕು ಹೆಜ್ಜೆ ನಡೆಸಿದಾಗ ಎರಡು ಗಾಲಿಗಳೂ ತಿರುಗದೆ ಜಾರಬೇಕು. ಒಂದು ತಿರುಗಿದರೂ ಹಗ್ಗವನ್ನು ಮತ್ತೆ ಸರಿಪಡಿಸತಕ್ಕದ್ದು.

ರಬ್ಬರು ಗಾಲಿಯನ್ನು ಹಳೆಯ ಗಾಡಿಯ ಮೈಗೆ ಕೂಡಿಸುವಾಗ ಇನ್ನೊಂದು ತಪ್ಪು ನಡೆಯುವುದುಂಟು. ಗಾಡಿಗಳಿಗೆಂದೇ ಮಾಡಿದ ಟೈರುಗಳು 6.00–19, 7.00–19, 8.00–19 ಎಂಬ ಅಳತೆಗಳಲ್ಲಿ ದೊರೆಯುತ್ತವೆ. ಮೊದಲನೆಯ ಅಂಕಿಯು ಟೈರಿನ ಅಗಲವನ್ನೂ ಎರಡನೆಯದು ರಿಮ್ಮಿನ ಅಡ್ಡಳತೆಯನ್ನೂ ಅಂಗುಲಗಳಲ್ಲಿ ತಿಳಿಸುತ್ತವೆ. ಇವುಗಳಲ್ಲಿ ನಡುವಿನ ಅಳತೆಯ ಗಾಲಿಯ ಹೊರ ಎತ್ತರವು ಸುಮಾರು 33 ಅಂಗುಲ. 5 ಅಡಿಯ ಮರದ ಗಾಲಿಯದು 60 ಅಂಗುಲ. ಆದುದರಿಂದ ಅಚ್ಚು ನೆಲದಿಂದ 30 ಅಂಗುಲ ಮೇಲಿದ್ದುದು 16 ಅಂಗುಲಕ್ಕೆ ಇಳಿಯುತ್ತದೆ. ಎತ್ತುಗಳ ಕೊರಳಿನ ಎತ್ತರವು ಮಾತ್ರ ಇಳಿಯುವುದಿಲ್ಲವಷ್ಟೆ! ಮೂಕಿಯು ಆಕಾಶದ ಕಡೆಗೆ ಮುಖ ಮಾಡುತ್ತದೆ, ಗಾಡಿಯ ಮೈ ಹಿಂದಕ್ಕೆ ವಾಲುತ್ತದೆ, ಹೇರು ಹಿಂದೆ ಸರಿಯುತ್ತದೆ, ನೊಗವು ಮೇಲಕ್ಕೆ ಎದ್ದು ಕೊರಳಹಗ್ಗವು ಎತ್ತುಗಳ ಗಂಟಲನ್ನು ಬಿಗಿಯುತ್ತದೆ. ಎತ್ತುಗಳು ಏಕೆ ಕೆಮ್ಮುತ್ತಿವೆಯೆಂದು ಮಾಲೀಕನು ಪಶುವೈದ್ಯರ ಬಳಿಗೆ ಹೋಗುವನು. ಔಷಧವು ಬಡಗಿಯ ಬಳಿಯಲ್ಲಿದೆ.

ಅಚ್ಚಿಗೂ ಗಾಡಿಯ ತೊಲೆಗಳಿಗೂ ನಡುವೆ ಗಟ್ಟಿಮರದ ದಿಂಡುಗಳನ್ನಿಟ್ಟು ಮೈಯನ್ನು ಹಳೆಯ ಎತ್ತರದ ಹತ್ತಿರಕ್ಕೆ ಏರಿಸುವುದು ಒಂದು ಪರಿಹಾರ. ಮೈಯನ್ನು ಕೆಳಗೇ ಉಳಿಸಿಕೊಂಡು ಮೂಕಿಯನ್ನು ಬಾಗಿಸಿ ಕೂಡಿಸುವುದು ಇನ್ನೊಂದು. ಹೇರು ಕೆಳಗಿದ್ದಷ್ಟೂ ಗಾಡಿಯು ಮಗುಚುವ ಭಯ ಕಡಿಮೆಯಾದುದರಿಂದ ಕೆಲಸಗಾರನು ಬಲ್ಲವನಾದರೆ ಇದೇ ಉತ್ತಮ. ಯಾವುದನ್ನು ಮಾಡಿದರೂ ಕೊನೆಯಲ್ಲಿ ಗಾಡಿಗೆ ಎಂದಿನ ಹೇರನ್ನು ತುಂಬಿ, ನೊಗವನ್ನು ಕೈಯಿಂದ ಎತ್ತಿ ನೋಡತಕ್ಕದ್ದು. ಒಬ್ಬನು ಹೆಚ್ಚು ಪ್ರಯಾಸವಿಲ್ಲದೆ ಎತ್ತುವಷ್ಟು ಭಾರವಿದ್ದರೆ ಸರಿ. ಎತ್ತಲು ಇಬ್ಬರು ಬೇಕಾದರೆ ಅಚ್ಚನ್ನು ಮುಂದಕ್ಕೆ ಸರಿಸಬೇಕು. ನೊಗವು ತಾನೇ ಮೇಲೇಳುವಂತಿದ್ದರೆ ಹಿಂದಕ್ಕೆ. ಅಚ್ಚನ್ನು ತೊಲೆಗೆ ಬಿಗಿಯುವುದಕ್ಕೆ ಯು ಆಕಾರದ ಬೋಲ್ಟುಗಳೇ ಯೋಗ್ಯವಾದವು. ಬೋಲ್ಟಿಗಾಗಿ ಅಚ್ಚಿನ ನಡುವೆ ತೂತು ಕೊರೆಯಿಸುವವರಿದ್ದಾರೆ. ಅಚ್ಚು ಮುರಿಯುವುದು ಆ ತೂತಿನಲ್ಲಿಯೇ.

ಗುಜರಿಯ ಅಚ್ಚನ್ನು ಕೊಳ್ಳುವಾಗ ಅಗ್ಗವನ್ನು ಮಾತ್ರ ನೋಡಬಾರದು. ಎರಡು ತುಂಡು ಅಚ್ಚುಗಳನ್ನು ನಡುವೆ ಬೆಸೆದು ಉದ್ದಮಾಡಿದುದನ್ನು ಎಷ್ಟು ಕಡಿಮೆ ಬೆಲೆಗೆ ಕೊಟ್ಟರೂ ತರಬಾರದು. ಬೆಸುಗೆಯ ಮೇಲೆ ಬಣ್ಣ ಬಳಿದಿರುವುದರಿಂದ ಕೆರೆದು ನೋಡಿದಲ್ಲದೆ ಗೊತ್ತಾಗದು. ಅಚ್ಚು ಬಾಗಿದೆಯೇ ಎಂಬುದನ್ನು ತಿಳಿಯಲು ದೊಡ್ಡ ಯಂತ್ರಗಳು ಬೇಡ. ಗಾಲಿಗಳನ್ನು ಹಾಕಿ, ಅಚ್ಚಿನ ಎತ್ತರದಲ್ಲಿಯೇ ಎರಡು ರಿಮ್ಮುಗಳ ಒಳ ಅಂಚಿಗೆ ಸುಣ್ಣದ ಗುರುತು ಮಾಡಿ, ಗುರುತುಗಳು ಮುಂದಿರುವಾಗ ಅವುಗಳ ನಡುವಿನ ಅಂತರವನ್ನು ದಾರದಿಂದ ಅಳೆಯಬೇಕು. ಗಾಲಿಗಳನ್ನು ಅರ್ಧಸುತ್ತು ತಿರುಗಿಸಿ ಅವೇ ಗುರುತುಗಳು ಹಿಂದೆ ಬಂದಾಗ ಮತ್ತೆ ಅಳೆಯಬೇಕು. ಎರಡಳತೆಗಳೂ ಹೆಚ್ಚುಕಡಿಮೆ ಒಂದೇ ಆಗಿರತಕ್ಕದ್ದು. ಅರ್ಧ ಅಂಗುಲದ ವ್ಯತ್ಯಾಸವಿದ್ದರೂ ಗಾಲಿಗಳು ಓರೆಯಾಗಿ ಉಜ್ಜಿಕೊಂಡು ಹೋಗುವುವು. ಹೊಸ ಟೈರಿನ ಅಂಚು ಒಂದೇ ಹಂಗಾಮಿನಲ್ಲಿ ಬೋಳಾಗುವುದು.

ಬೇರಿಂಗುಗಳ ವಿಷಯದಲ್ಲಿ ಹಳ್ಳಿಯ ಕೆಲಸಗಾರರು ಸಾಮಾನ್ಯವಾಗಿ ಅತಿಯಾಗಿ ಬಿಗಿಯುತ್ತಾರೆ. ಕಡಾಣಿ ಹಾಕಿದ ಗಾಲಿಯನ್ನು ಕಂಡು ಬೆಳೆದವರಿಗೆ ನಟ್ಟನ್ನು ಬಿಗಿಯುವುದೇ ಕ್ಷೇಮವೆಂದು ತೋರುವುದು ಸಹಜ. ಬೇರಿಂಗನ್ನು ಮೊದಲು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಬೆಳಕಿನಲ್ಲಿ ನೋಡಬೇಕು. ಉರುಳೆಗಳಲ್ಲಿ ಕುಳಿಗಳಾಗಲಿ ಸುಟ್ಟ ನೀಲಿಬಣ್ಣವಾಗಲಿ ಕಂಡರೆ ಅದನ್ನು ತೆಗೆದುಹಾಕತಕ್ಕದ್ದು. ಹಾಗೆ ತೆಗೆದಾಗ ಒಳಗಿನ ಉರುಳೆಗಳ ಭಾಗವನ್ನೂ ಹೊರಗಿನ ಬಟ್ಟಲನ್ನೂ ಜೊತೆಯಾಗಿಯೇ ಬದಲಾಯಿಸಬೇಕು. ಹೊಸ ಉರುಳೆಗೆ ಹಳೆಯ ಬಟ್ಟಲು ಹೊಂದದು. ಗ್ರೀಸನ್ನು ಅಂಗೈಯಲ್ಲಿಟ್ಟುಕೊಂಡು ಬೇರಿಂಗಿನ ಅಗಲವಾದ ಅಂಚಿನಿಂದ ಒತ್ತಿ, ಇನ್ನೊಂದು ಕಡೆಯಿಂದ ಹೊರಬರುವವರೆಗೂ ತುಂಬಬೇಕು. ಬಳಿಕ ಜಾಕಿಯ ಮೇಲೆತ್ತಿದ ಗಾಲಿಯನ್ನು ಕೈಯಿಂದ ತಿರುಗಿಸುತ್ತಲೇ, ಗಾಲಿಯು ಭಾರವಾಗಿ ತಿರುಗುವವರೆಗೂ ನಟ್ಟನ್ನು ಬಿಗಿದು, ಅಲ್ಲಿಂದ ಆರನೆಯ ಒಂದು ಸುತ್ತಿನಷ್ಟು ಸಡಿಲಿಸಬೇಕು. ಗಾಲಿಯು ಸರಾಗವಾಗಿ ತಿರುಗಬೇಕು, ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಅಲುಗಬಾರದು. ಕೊನೆಗೆ ಹೊಸ ಸೀಳುಪಿನ್ನನ್ನು ಹಾಕಬೇಕು. ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವ ಮಿತವ್ಯಯವು ನಡುದಾರಿಯಲ್ಲಿ ಗಾಲಿ ಕಳಚುವುದಕ್ಕೆ ದಾರಿಯಾಗುತ್ತದೆ. ಗದ್ದೆಯ ನೀರಿನಲ್ಲಿ ಗಾಲಿಯು ಮುಳುಗಿದ್ದರೆ ಹಂಗಾಮು ಮುಗಿಯುವವರೆಗೆ ಕಾಯದೆ ಆ ವಾರವೇ ಬಿಚ್ಚಿ ನೋಡುವುದು ಒಳ್ಳೆಯದು.

ಹಳಿಯ ಗಾಡಿಯ ಸದ್ದು ಒಂದು ಫರ್ಲಾಂಗು ದೂರಕ್ಕೆ ಕೇಳಿಸುತ್ತಿತ್ತು. ರಬ್ಬರು ಗಾಡಿಯು ಸದ್ದಿಲ್ಲದೆ ಹೋಗುತ್ತದೆ. ಮುಂಜಾವದ ಕತ್ತಲೆಯಲ್ಲಿ ಕಬ್ಬಿನ ಗರಿಗಳು ಹಿಂದಕ್ಕೆ ಇಳಿಬಿದ್ದಿರುವ ಗಾಡಿಯು ಲಾರಿಯವನಿಗೆ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಗಾಡಿಯ ಹಿಂಭಾಗದ ಎರಡು ಅಂಚುಗಳಿಗೆ ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿಗಳನ್ನು ಅಂಟಿಸತಕ್ಕದ್ದು. ಹೇರು ಅವುಗಳನ್ನು ಮುಚ್ಚುವಂತಿದ್ದರೆ ಒಂದು ಹಲಗೆಗೆ ಅಂಟಿಸಿ ಹೇರಿನ ಹೊರಗೆ ತೂಗುಬಿಡಬಹುದು. ಕಂದೀಲನ್ನು ಗಾಡಿಯ ಕೆಳಗೆ ಕಟ್ಟುವ ಹಳೆಯ ರೂಢಿಯೂ ಬಿಡತಕ್ಕದ್ದಲ್ಲ.

ಹೇರಿನ ಮಿತಿಯನ್ನು ಕುರಿತು ಕಾನೂನು ಸಹ ಇದೆ. ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಹಿಂಸೆಯನ್ನು ತಡೆಯಲು 1965ರಲ್ಲಿ ಮಾಡಿದ ನಿಯಮಗಳು ಎತ್ತಿನ ಗಾತ್ರವನ್ನೂ ಗಾಲಿಯ ಬಗೆಯನ್ನೂ ನೋಡಿ ಬೇರೆ ಬೇರೆ ಮಿತಿಗಳನ್ನು ಇಟ್ಟಿವೆ. ರಬ್ಬರು ಗಾಲಿಯ ಗಾಡಿಗೆ ಹಳಿಯ ಗಾಡಿಗಿಂತ ಹೆಚ್ಚಿನ ಹೇರನ್ನು ಒಪ್ಪಿವೆ. ದಿನಕ್ಕೆ 9 ಗಂಟೆಗಳಿಗಿಂತ ಹೆಚ್ಚಾಗಿ, ಅಥವಾ ವಿಶ್ರಾಂತಿಯಿಲ್ಲದೆ ಒಂದೇ ಸಮನೆ 5 ಗಂಟೆಗಳಿಗಿಂತ ಹೆಚ್ಚಾಗಿ ಎತ್ತುಗಳನ್ನು ದುಡಿಸಬಾರದು. ಉಷ್ಣವು 37 ಡಿಗ್ರಿ ಸೆಲ್ಸಿಯಸನ್ನು ಮೀರುವ ಕಡೆಗಳಲ್ಲಿ ಹಗಲು 12ರಿಂದ 3 ಗಂಟೆಯವರೆಗೆ ಹೂಡಲೇಬಾರದು. ಬಳ್ಳಾರಿ, ರಾಯಚೂರು, ಕಲಬುರಗಿಯ ರೈತರಿಗೆ ಬೇಸಿಗೆಯಲ್ಲಿ ಈ ಕೊನೆಯ ನಿಯಮವನ್ನು ಬೇರೆಯವರು ಹೇಳಬೇಕಾಗಿಲ್ಲ.

ಇಂತಹ ಗಾಡಿಗಳು ಹತ್ತಾರು ಇರುವ ಗ್ರಾಮದಲ್ಲಿ ಕೆಲವು ಸಲಕರಣೆಗಳನ್ನು ಸಹಕಾರ ಸಂಘದ ಮೂಲಕವೋ ಎಲ್ಲರೂ ಸೇರಿ ಹಣ ಹಾಕಿಯೋ ತಂದಿಟ್ಟುಕೊಂಡರೆ ಪಟ್ಟಣಕ್ಕೆ ಹೋಗಿಬರುವ ಅರ್ಧ ಓಡಾಟವು ಉಳಿಯುವುದು. ಎರಡು ಮೂರು ಟನ್ನು ಎತ್ತಬಲ್ಲ ಒಂದು ಜಾಕಿ, ಅಚ್ಚಿನ ನಟ್ಟಿಗೆ ಹೊಂದುವ ಪಾನ, ಟೈರನ್ನು ರಿಮ್ಮಿನಿಂದ ಬಿಡಿಸುವ ಎರಡು ಸನ್ನೆಗಳು, ಕಾಲಿನಿಂದ ಗಾಳಿ ಹಾಕುವ ಪಂಪು, ಗಾಳಿಯ ಒತ್ತಡವನ್ನು ತೋರಿಸುವ ಮಾಪಕ, ಟ್ಯೂಬಿಗೆ ತೇಪೆ ಹಾಕುವ ಸಾಮಾನು, ಗ್ರೀಸಿನ ಡಬ್ಬಿ. ಇವುಗಳಲ್ಲಿ ಮಾಪಕವನ್ನೇ ಜನರು ಮರೆಯುವುದು. ಹೆಬ್ಬೆರಳಿನಿಂದ ಒತ್ತಿ ನೋಡಿ ಗಾಳಿ ಸಾಕೆನ್ನುವ ಅಭ್ಯಾಸದಿಂದ ಒಂದು ಟೈರು ಗಟ್ಟಿಯಾಗಿ ಇನ್ನೊಂದು ಮೆತ್ತಗಾಗಿ ಉಳಿಯುವುದು. ಮೆತ್ತಗಿರುವ ಕಡೆಗೆ ಗಾಡಿಯು ಎಳೆಯುವುದು, ಆ ಕಡೆಯ ಎತ್ತು ಬಳಲುವುದು. ಎಷ್ಟು ಗಾಳಿ ಬೇಕೆಂಬುದನ್ನು ಟೈರಿನ ಪಕ್ಕದಲ್ಲಿಯೇ ಅಚ್ಚು ಹಾಕಿರುತ್ತಾರೆ.

ಹೊಸದಾಗಿ ಗಾಲಿ ಹಾಕಿಸಿದ ಗಾಡಿಗೆ ಮೊದಲ ದಿನವೇ ಪೂರ್ತಿ ಹೇರು ಹಾಕಬಾರದು. ಎತ್ತುಗಳಿಗೂ ಹೊಸ ಗಾಡಿಯ ನಡೆ ತಿಳಿಯಬೇಕು, ಗಾಡಿ ಹೊಡೆಯುವವನ ಕೈಗೂ ಬ್ರೇಕಿನ ಹದ ತಿಳಿಯಬೇಕು. ಮೂರು ನಾಲ್ಕು ದಿನ ಅರ್ಧ ಹೇರಿನಿಂದ, ಊರ ಬಳಿಯ ಸಣ್ಣ ಇಳಿಜಾರಿನಲ್ಲಿ ನಡೆಸಿ, ವಾರದ ಕೊನೆಯಲ್ಲಿ ಯು ಬೋಲ್ಟುಗಳನ್ನೂ ರಿಮ್ಮಿನ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿಯತಕ್ಕದ್ದು. ಹೊಸ ಮರದ ದಿಂಡುಗಳು ಆ ವಾರದಲ್ಲಿ ಒತ್ತಿ ಕೂತಿರುವುದರಿಂದ ಬೋಲ್ಟುಗಳು ಕಾಲು ಸುತ್ತಿನಷ್ಟಾದರೂ ಸಡಿಲವಾಗಿರುವುವು. ಬ್ರೇಕಿನ ಹಗ್ಗವೂ ಹೊಸದರಲ್ಲಿ ಹಿಗ್ಗುವುದರಿಂದ ಅದನ್ನೂ ಅದೇ ದಿನ ಎಳೆದು ಕಟ್ಟಬೇಕು.